ನಂಬರ್ ಹೇಳು, ಗೇಟು ತೆಗೀತೀನಿ

ಗೇಟಜ್ಜಿ ಸೇಡು ತೀರಿಸಿಕೊಂಡ ಕಥೆ ಹೇಳುವ ಮೊದಲು ಅವಳ ಮೊಮ್ಮಗನ ಮರ್ಯಾದೆಯನ್ನು ಒಂದಿಷ್ಟು ತೆಗೆದಿಡುವುದು ಒಳ್ಳೆಯದು. ಹೇಗೂ ಕೊನೆಗೆ ಅವಳೇ ಪೂರ್ತಿ ತೆಗೆಯುತ್ತಾಳೆ. ಮೊದಲೇ ಅರ್ಧ ತೆಗೆದಿಟ್ಟರೆ ಮುದುಕಿಗೆ ಕೆಲಸ ಹಗುರ.

ಮೊಮ್ಮಗನಿಗೆ ಇಪ್ಪತ್ತಾರು ವರ್ಷ. ಪಾರ್ಸೆಲ್ ಆಫೀಸಿನಲ್ಲಿ ಕೆಲಸ. ಬಂದ ಡಬ್ಬಗಳ ಮೇಲಿನ ವಿಳಾಸ ಓದಿ ಆಯಾ ಊರಿನ ಚೀಲಕ್ಕೆ ಎಸೆಯಬೇಕು. ಅದಕ್ಕೆ ಓದು ಬೇಕು, ತೋಳು ಬೇಕು, ಬುದ್ಧಿ ಅಷ್ಟೇನೂ ಬೇಡ. ಹಾಗಾಗಿ ನಾಲ್ಕು ವರ್ಷ ನೆಮ್ಮದಿಯಾಗಿದ್ದ. ಅಂಟುಜ್ವರ ಊರಿಗೆ ಕಾಲಿಟ್ಟ ವಾರ ಮ್ಯಾನೇಜರು ಅವನ ಕೊರಳಿಗೆ ಒಂದು ಹಳದಿ ಬಿಲ್ಲೆ ನೇತುಹಾಕಿದರು: 'ಸುರಕ್ಷತಾ ಉಸ್ತುವಾರಿ'. ಉಳಿದ ಹನ್ನೊಂದು ಜನ ಒಲ್ಲೆ ಎಂದ ಮೇಲೆ ಇವನ ಪಾಲಿಗೆ ಬಂದ ಹುದ್ದೆ ಅದು. ಬಾಗಿಲಲ್ಲಿ ನಿಂತು, ಬಂದವರ ಹಣೆಗೆ ಜ್ವರ ನೋಡುವ ಪಿಸ್ತೂಲು ಹಿಡಿದು, "ದೂರ ನಿಲ್ಲಿ, ದೂರ ನಿಲ್ಲಿ" ಎನ್ನಬೇಕು. ಯಾರೂ ನಿಲ್ಲುತ್ತಿರಲಿಲ್ಲ. ತೂಕದ ಯಂತ್ರದ ಮುಂದೆ ಕೂರುವ, ಎಲ್ಲರೂ 'ತೂಕದ ಮೇಡಂ' ಎನ್ನುವ ಹುಡುಗಿ ಒಬ್ಬಳು ಮಾತ್ರ ಹಿಂದೆ ಹಿಂದೆ ಸರಿದು, "ಇಷ್ಟು ದೂರ ಸಾಕಾ ಸಾರ್? ಇನ್ನೂ ಹಿಂದೆ ಹೋದ್ರೆ ಬಸ್ ಸ್ಟ್ಯಾಂಡೇ ಬರುತ್ತೆ" ಎಂದಿದ್ದಳು. ಅದು ಗೌರವವೋ ಗೇಲಿಯೋ ತಿಳಿಯದೆ ಅವನು ವಾರವಿಡೀ ಅದನ್ನೇ ಮೆಲುಕು ಹಾಕಿದ. ವಾರದ ಕೊನೆಗೆ, ಗೇಲಿಯಾದರೂ ಪರವಾಗಿಲ್ಲ, ದಿನಾ ಮಾಡಲಿ ಎಂಬ ತೀರ್ಮಾನಕ್ಕೆ ಬಂದ.

ಆಫೀಸಿನಲ್ಲಿ ಕಿಲುಬು ಕಾಸಿನ ಕಿಮ್ಮತ್ತಿಲ್ಲದ ಈ ಅಧಿಕಾರವನ್ನು ಚಲಾಯಿಸಲು ಉಳಿದದ್ದು ಮನೆ. ಮನೆಯಲ್ಲಿದ್ದವಳು ಅಜ್ಜಿ ಒಬ್ಬಳೇ. ಅಪ್ಪ ಅಮ್ಮ ಬೇರೆ ಊರಿನಲ್ಲಿ ಕೆಲಸದ ಮೇಲಿದ್ದರು, ದಾರಿಗಳೆಲ್ಲ ಬಂದ್. ಅಪ್ಪ ಫೋನಿನಲ್ಲಿ, "ನಮ್ಮಮ್ಮನ್ನ ಚೆನ್ನಾಗಿ ನೋಡ್ಕೋ. ಅವಳಿಗೇನಾದ್ರೂ ಆದ್ರೆ ನಿನ್ನ ಚರ್ಮ ಸುಲೀತೀನಿ" ಎಂದಿದ್ದ. ನೋಡಿಕೊಳ್ಳುವುದು ಎಂದರೆ ಕಾಯುವುದು ಎಂದು ಇವನು ತಿಳಿದ. ಆದರೆ ಕಾಯುವ ವಿದ್ಯೆಯಲ್ಲಿ ಅಜ್ಜಿಯ ಮುಂದೆ ಅವನಿನ್ನೂ ತೊಟ್ಟಿಲ ಕೂಸು.

ಅವಳು ಇಪ್ಪತ್ತೊಂಬತ್ತು ವರ್ಷ ರೈಲ್ವೆ ಗೇಟು ಕಾದವಳು. ಹಳಿ ರಿಪೇರಿಯ ತಂಡದಲ್ಲಿದ್ದ ಗಂಡ ಚಿಕ್ಕ ವಯಸ್ಸಿಗೇ ತೀರಿಕೊಂಡಾಗ ಅವನ ಬದಲಿಗೆ ಅವಳಿಗೆ ಈ ಕೆಲಸ ಕೊಟ್ಟಿದ್ದರು. ಊರಾಚೆ ರಸ್ತೆಯೂ ಹಳಿಯೂ ಅಡ್ಡ ಹಾಯುವಲ್ಲಿ ಒಂದು ಗೂಡು, ಒಂದು ಫೋನು, ಕೆಂಪು ಹಸಿರು ಬಾವುಟ, ಗೇಟು ಇಳಿಸುವ ಚಕ್ರ. ಫೋನು ಗುರ್ ಎಂದರೆ ಆ ಕಡೆ ಸ್ಟೇಷನ್ ಮಾಸ್ಟರು. ಗಾಡಿ ಬಿಡಬೇಕು ಎನ್ನುತ್ತಾರೆ. ಇವಳು ಗೇಟು ಮುಚ್ಚಿ, ಬೀಗ ಹಾಕಿ, ತನ್ನ ಹಾಳೆಯಲ್ಲಿ ಅಚ್ಚಾಗಿರುವ ಒಂದು ಗುಟ್ಟಿನ ನಂಬರ್ ಹೇಳಬೇಕು. ಅವರು ಅದನ್ನು ಬರೆದುಕೊಂಡು ತಮ್ಮದೊಂದು ನಂಬರ್ ಹೇಳಬೇಕು. ಆಮೇಲೆಯೇ ಗಾಡಿ. "ಮುಚ್ಚಿದ್ದೀನಿ ಸಾರ್, ನನ್ನ ಮಗನ ಆಣೆ" ಎಂದರೂ ನಡೆಯುವುದಿಲ್ಲ, ನಂಬರ್ ಬೇಕು. "ಬಾಯಿಮಾತು ಯಾರು ಬೇಕಾದ್ರೂ ಆಡ್ತಾರೆ. ನಂಬರ್ ಕೊಟ್ಟವನು ಸಿಕ್ಕಿಹಾಕ್ಕೊಳ್ತಾನೆ" ಎನ್ನುತ್ತಿದ್ದಳು ಅಜ್ಜಿ. ಅವಳ ಇಡೀ ಸರ್ವೀಸಿನ ಸಾರ ಅಷ್ಟೆ.

ಗೇಟಿನ ಎರಡೂ ಕಡೆ ನಿಂತವರು ಅವಳನ್ನು ಬೈದ ಬೈಗುಳ ಗೂಡ್ಸು ಗಾಡಿಗೆ ತುಂಬಿದರೂ ಮಿಗುತ್ತಿತ್ತು. ಮದುವೆಗೆ ಹೊರಟ ಗಂಡು ಬೈದಿದ್ದ. ಹಾಲಿನವನು ಬೈದಿದ್ದ. ದೊಡ್ಡ ಕಾರಿನ ಸಾಹೇಬರೊಬ್ಬರು ಇಳಿದು ಬಂದು, "ನಾನು ಯಾರು ಅಂತ ಗೊತ್ತಾ ನಿನಗೆ?" ಎಂದು ಗದರಿದ್ದರು. "ಇಲ್ಲ ಸಾರ್. ಗಾಡಿಗೂ ಗೊತ್ತಿಲ್ಲ" ಎಂದು ಇವಳು ಬಾವುಟ ಬಿಚ್ಚಿದ್ದಳು.

ಒಂದು ಸಲ ಮಾತ್ರ ಗೇಟಿನ ಆಚೆ ನಿಂತವರು ಬೈಯಲಿಲ್ಲ. ಅದು ಅವಳ ಅಕ್ಕ. ಗೇಟಜ್ಜಿಯ ಮಗ ಆಗ ಮೂರು ವರ್ಷದವನು. ಜ್ವರ ನೆತ್ತಿಗೇರಿ ಕಣ್ಣು ಮೇಲಾಗಿತ್ತು. ಅಕ್ಕ ಅವನನ್ನು ಹೆಗಲಿಗೆ ಹಾಕಿಕೊಂಡು ಓಡಿ ಬಂದಿದ್ದಳು. ಆಸ್ಪತ್ರೆ ಹಳಿಯ ಈಚೆಗಿತ್ತು. ಗೇಟು ಮುಚ್ಚಿ ನಂಬರ್ ಕೊಟ್ಟಾಗಿತ್ತು. ಬಗ್ಗಿ ನುಸುಳುವವರು ನುಸುಳಿದರು. ತಂಗಿಯ ಕೆಲಸಕ್ಕೆ ಕುತ್ತು ಬರುತ್ತದೆಂದು ಅಕ್ಕ ನುಸುಳಲಿಲ್ಲ. ಹನ್ನೊಂದು ನಿಮಿಷ ಇಬ್ಬರೂ ಮುಖ ಮುಖ ನೋಡುತ್ತ ನಿಂತರು. ಅಕ್ಕ ಹೆಗಲ ಮೇಲಿದ್ದ ಬಿಳಿ ಟವೆಲನ್ನು ಎತ್ತಿ ಒಮ್ಮೆ ಬೀಸಿದಳು. ಗೊತ್ತಾಯ್ತು, ನಿನ್ನ ಕೆಲಸ ನೀನು ನೋಡು ಎಂದು ಅದರ ಅರ್ಥ. ಗಾಡಿ ಹೋಯಿತು, ಗೇಟು ಎದ್ದಿತು, ಮಗು ಬದುಕಿತು. ಆ ಮಗುವೇ ಮೊಮ್ಮಗನ ಅಪ್ಪ. ಅಂದರೆ, ಆ ಹನ್ನೊಂದು ನಿಮಿಷ ಹೆಚ್ಚುಕಮ್ಮಿಯಾಗಿದ್ದರೆ ಕೊರಳಿಗೆ ಹಳದಿ ಬಿಲ್ಲೆ ಹಾಕಿಕೊಳ್ಳಲು ಇವನು ಹುಟ್ಟುತ್ತಲೇ ಇರಲಿಲ್ಲ.

ಕೆಲಸದಿಂದ ನಿವೃತ್ತಳಾದ ಮೇಲೆ ಗೇಟಜ್ಜಿಯ ದಿನಕ್ಕೆ ಉಳಿದ ಗಾಡಿ ಒಂದೇ: ನಾಲ್ಕು ಗಂಟೆ. ನಾಲ್ಕಕ್ಕೆ ಸರಿಯಾಗಿ ಎರಡು ಬೀದಿ ಆಚೆಯ ಅಕ್ಕನ ಮನೆಗೆ ನಡೆದು, ಹದಿನಾರು ಮೆಟ್ಟಿಲು ಹತ್ತಿ, ಬಾಲ್ಕನಿಯಲ್ಲಿ ಅಕ್ಕನ ಎದುರು ಕೂರುವುದು. ಅಕ್ಕನಿಗೆ ಎಂಬತ್ತು ದಾಟಿತ್ತು. ಮಂಡಿ ಹೋಗಿತ್ತು, ಕಿವಿ ಪೂರ್ತಿ ಹೋಗಿತ್ತು. ದೂರದೃಷ್ಟಿ ಮಾತ್ರ ಹದ್ದಿನಂತೆ ಉಳಿದಿತ್ತು. ತಂಗಿ ಹೇಳಿದ್ದೊಂದೂ ಅವಳಿಗೆ ಕೇಳಿಸುತ್ತಿರಲಿಲ್ಲ, ಆದರೂ ಸರಿಯಾದ ಜಾಗದಲ್ಲಿ ನಗುತ್ತಿದ್ದಳು. "ಅವಳಿಗೆ ನನ್ನ ಮುಖ ಕೇಳಿಸುತ್ತೆ" ಎನ್ನುತ್ತಿದ್ದಳು ಗೇಟಜ್ಜಿ.

ಊರಿಗೆ ಅಂಟುಜ್ವರ ಬಂತು. ಮೊಮ್ಮಗ ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿ, ಪ್ಲಾಸ್ಟಿಕ್ ಹೊದಿಸಿ ತಂದು, ಹಾಲಿನ ಗೋಡೆಗೆ ಅಂಟಿಸಿದ. 'ಹಿರಿಯರ ದಿನಚರಿ' ಎಂದು ತಲೆಬರಹ. ಕೆಳಗೆ ಹದಿನಾಲ್ಕು ನಿಯಮ. ಹೊರಗಿನಿಂದ ಬಂದ ಯಾವ ವಸ್ತುವನ್ನೂ ಸೋಪಿನ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸದೆ ಮುಟ್ಟತಕ್ಕದ್ದಲ್ಲ. ದಿನಕ್ಕೆ ಮೂರು ಸಲ ಉಪ್ಪುನೀರು ಮುಕ್ಕಳಿಸತಕ್ಕದ್ದು. ನಡಿಗೆ ಮನೆಯೊಳಗೇ, ಅರವತ್ತು ಸುತ್ತು. ಊಟಕ್ಕೆ ಉಪ್ಪು ಕಡಿಮೆ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಹದಿನಾಲ್ಕು ದಿನ ಬೇರೆ ಕೋಣೆ, ಹೊರಗಿನಿಂದ ಚಿಲಕ. ಕೊನೆಯ ನಿಯಮಕ್ಕೆ ಅಡಿಗೆರೆ ಎಳೆದಿದ್ದ: ಯಾವುದೇ ನಿಯಮಕ್ಕೆ ವಿನಾಯಿತಿ ಇಲ್ಲ.

"ಯಾರಿಗೆ ಜ್ವರ ಬಂದರೂ ಅಂದ್ರೆ ನನಗೆ ಬಂದ್ರೆ ಅಂತ ತಾನೆ?" ಎಂದಳು ಅಜ್ಜಿ, ಕನ್ನಡಕ ಏರಿಸಿ ಓದುತ್ತ.

"ಸುಮ್ನೆ ಬರೆದದ್ದು ಅಜ್ಜಿ. ನಿನ್ನ ಒಳ್ಳೇದಕ್ಕೇ."

"ತಕ್ಕದ್ದು, ತಕ್ಕದ್ದಲ್ಲ ಅಂತೆಲ್ಲ ಬರೆದಿದ್ದೀಯ. ನಮ್ಮ ಇಲಾಖೆಯವರೂ ಇಷ್ಟು ಬಿಗಿಯಾಗಿ ಬರೀತಿರ್ಲಿಲ್ಲ."

ಆದರೂ ನಿಯಮ ಎಂದ ಮೇಲೆ ಪಾಲಿಸಿದಳು. ಅದು ಅವಳ ರಕ್ತದಲ್ಲೇ ಇತ್ತು. ತರಕಾರಿಗೆ ಸ್ನಾನವಾಯಿತು. ದಿನಪತ್ರಿಕೆಗೆ ಇಸ್ತ್ರಿಯಾಯಿತು. ಅಡುಗೆಮನೆಯಿಂದ ಹಾಲಿನ ಕಿಟಕಿಯವರೆಗೆ ಹದಿಮೂರು ಹೆಜ್ಜೆ. ಒಂದು ಸುತ್ತಿಗೆ ಒಂದು ಬೆಂಕಿಕಡ್ಡಿಯನ್ನು ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಹಾಕುತ್ತಾ ಅರವತ್ತು ಸುತ್ತು ಮುಗಿಸುತ್ತಿದ್ದಳು. ನಾಲ್ಕು ಗಂಟೆಗೆ ಮಾತ್ರ ಪರಿಹಾರ ಸಿಗಲಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ಅಕ್ಕನಿಗೆ ಕಿವಿಯಿಲ್ಲ. ಮೊಬೈಲಿನಲ್ಲಿ ಮುಖ ತೋರಿಸೋಣವೆಂದರೆ, ಹತ್ತಿರದ್ದು ಮಸುಕಾಗಿ ಕಾಣುವ ಅಕ್ಕ ಅದನ್ನು ಟಿವಿ ಎಂದುಕೊಂಡು, "ಇವಳು ಯಾವ ಧಾರಾವಾಹಿಯವಳು? ಮೂಗು ನನ್ನ ತಂಗೀದೇ" ಎಂದು ಸೊಸೆಯನ್ನು ಕೇಳಿದಳು.

ಐದನೆಯ ದಿನ ಗೇಟಜ್ಜಿ ಟ್ರಂಕಿನಿಂದ ಹಸಿರು ಬಾವುಟ ತೆಗೆದಳು. ನಾಲ್ಕಕ್ಕೆ ಸರಿಯಾಗಿ ಮನೆಯ ತಾರಸಿ ಹತ್ತಿ, ಛಾವಣಿಗಳ ಮೇಲಿಂದ ಎರಡು ಬೀದಿ ಆಚೆಯ ಬಾಲ್ಕನಿಗೆ ಗುರಿಯಿಟ್ಟು, ಬೀಸಿದಳು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಆ ಬಾಲ್ಕನಿಯಲ್ಲಿ ಬೆಳ್ಳಗಿನದೊಂದು ಅಲುಗಿತು. ಟವೆಲ್. ಅಂದಿನಿಂದ ಅದೇ ಅವರ ದಿನಚರಿ. ಹಸಿರು ಎಂದರೆ ಚೆನ್ನಾಗಿದ್ದೀನಿ. ಬಿಳಿ ಎಂದರೆ ಗೊತ್ತಾಯ್ತು, ನಾನೂ ಇದ್ದೀನಿ. ಅಷ್ಟಾದರೆ ಆ ದಿನ ಇಬ್ಬರೂ ಉಂಡು ನೆಮ್ಮದಿಯಾಗಿ ಮಲಗುತ್ತಿದ್ದರು.

ಹಾಳು ಮಾಡಿದ್ದು ಒಂದು ವಿಡಿಯೊ. ಅಜ್ಜಿ ಬಾವುಟ ಬೀಸುವುದನ್ನು ಎದುರು ಕಟ್ಟಡದ ಯಾರೋ ಮೊಬೈಲಿನಲ್ಲಿ ಹಿಡಿದು ಹಂಚಿದರು. 'ತಾರಸಿ ಮೇಲೆ ಯಾವ ರೈಲು?' ಎಂದು ಅಡಿಬರಹ. ಅದು ಸುತ್ತಿ ಸುತ್ತಿ ಪಾರ್ಸೆಲ್ ಆಫೀಸಿಗೂ ಬಂತು. ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕು, "ಏನಪ್ಪಾ ಉಸ್ತುವಾರಿ, ನಿಮ್ಮ ಮನೆ ಹಿರಿಯರೇ ನಿನ್ನ ಹಿಡಿತದಲ್ಲಿಲ್ವಲ್ಲ!" ಎಂದರು. ಆಫೀಸೇ ನಕ್ಕಿತು. ತೂಕದ ಮೇಡಂ ಮಾತ್ರ ನಗಲಿಲ್ಲ. "ಯಾರಿಗೆ ಬೀಸ್ತಿದ್ದಾರೆ?" ಎಂದು ಕೇಳಿದಳು. ಇವನು ಹೇಳಿದ. "ಪಾಪ, ಒಂದ್ಸಲ ಕರ್ಕೊಂಡು ಹೋಗಿ ದೂರದಿಂದ ತೋರಿಸಿಕೊಂಡು ಬನ್ನಿ" ಎಂದಳು. ಬುದ್ಧಿ ಅಷ್ಟೇನೂ ಬೇಡದ ಕೆಲಸದಲ್ಲಿ ನಾಲ್ಕು ವರ್ಷ ಕಳೆದ ಮೊಮ್ಮಗನಿಗೆ ಹನ್ನೊಂದು ಜನರ ನಗು ಕೇಳಿಸಿತು. ಆ ಒಂದು ಮಾತು ಕೇಳಿಸಲಿಲ್ಲ.

ಮನೆಗೆ ಬಂದವನೇ ತಾರಸಿ ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಹಳದಿ ಬಿಲ್ಲೆಯ ದಾರಕ್ಕೆ ಪೋಣಿಸಿಕೊಂಡ.

"ಮೆಟ್ಟಿಲ ಕಂಬಿ ಹಿಡಿದ್ರೆ ಅಂಟುತ್ತಂತೆ ಅಜ್ಜಿ. ಸ್ವಲ್ಪ ದಿನ ಅಷ್ಟೆ."

"ಸ್ವಲ್ಪ ಅಂದ್ರೆ ಎಷ್ಟು?"

"ಸ್ವಲ್ಪ ಅಂದ್ರೆ ಸ್ವಲ್ಪ."

"ನಾನು ಕಂಬಿ ಹಿಡಿಯಲ್ಲ. ಗೋಡೆ ಒರಗಿ ಹತ್ತುತ್ತೀನಿ. ಅಕ್ಕ ಕಾಯ್ತಾಳೆ, ಮಗಾ."

"ವಿನಾಯಿತಿ ಇಲ್ಲ ಅಂತ ಬರೆದಿದ್ದೀನಲ್ಲ" ಎಂದ. ನಗುತ್ತಲೇ ಅಂದ, ಅದೇ ಅವನಿಗೆ ಆಮೇಲೆ ಹೆಚ್ಚು ಚುಚ್ಚಿದ್ದು. ಮಾರನೆಯ ದಿನದಿಂದ ಕೆಲಸಕ್ಕೆ ಹೋಗುವಾಗ ಮುಂಬಾಗಿಲ ಚಿಲಕವನ್ನೂ ಹೊರಗಿನಿಂದ ಹಾಕತೊಡಗಿದ.

ಎರಡು ದಿನ ಬಿಟ್ಟು ಅವನ ಫೋನಿಗೆ ಕರೆ ಬಂತು. ಅಜ್ಜಿಯ ಬಳಿ ಫೋನಿರಲಿಲ್ಲ. ಅವಳ ಹಳೆಯದು ಕೆಟ್ಟು, ರಿಪೇರಿ ಅಂಗಡಿ ಮುಚ್ಚಿತ್ತು. ಕರೆ ಮಾಡಿದವಳು ಅಕ್ಕನ ಸೊಸೆ, ಇವನಿಗೆ ದೊಡ್ಡಮ್ಮ.

"ಅತ್ತೆ ನಾಲ್ಕು ಗಂಟೆಗೆ ಬಾಲ್ಕನಿಗೆ ಬಂದು ಟವೆಲ್ ಬೀಸ್ತಾನೇ ಇರ್ತಾರೆ, ಮಗಾ. ಆ ಕಡೆ ಯಾರೂ ಇಲ್ಲ. ತಂಗಿ ಹೋಗಿಬಿಟ್ಟಿದ್ದಾಳೆ, ನೀವೆಲ್ಲ ಮುಚ್ಚಿಡ್ತಿದ್ದೀರ ಅಂತಾರೆ. ಊಟ ಬಿಟ್ಟಿದ್ದಾರೆ. ಚಿಕ್ಕತ್ತೆನ ಒಂದ್ಸಲ ನಮ್ಮ ರಸ್ತೆಗೆ ಕರ್ಕೊಂಡು ಬಾ. ಇಲ್ಲಾ ತಾರಸಿ ಮೇಲಾದ್ರೂ ನಿಲ್ಲಿಸು."

"ನಾಳೆ ನೋಡೋಣ ದೊಡ್ಡಮ್ಮ."

ಮಾರನೆಯ ದಿನ ಮತ್ತೆ ಕರೆ. "ನಾಳೆ ನೋಡೋಣ" ಎಂದ ಮತ್ತೆ. ಆಮೇಲೆ ಬಂದ ಕರೆಗಳನ್ನು ಎತ್ತಲಿಲ್ಲ. ಕೈಯಲ್ಲಿ ಡಬ್ಬ ಇತ್ತು, ಬಾಗಿಲಲ್ಲಿ ಜನ ಇದ್ದರು, ಮ್ಯಾನೇಜರು ನೋಡುತ್ತಿದ್ದರು. ಕಾರಣಕ್ಕೆ ಬರವೇ? ಅಜ್ಜಿಗೆ ಹೇಳಲಿಲ್ಲ, ಹೇಳಿದರೆ ಹಟ ಹಿಡಿಯುತ್ತಾಳೆ. ಆರನೆಯ ದಿನ ದೊಡ್ಡಮ್ಮ ಫೋನ್ ಮಾಡದೆ ಒಂದು ಸಾಲು ಬರೆದು ಕಳಿಸಿದಳು. ಅತ್ತೆ ಮಧ್ಯಾಹ್ನ ಹೋದರು. ಬಾಲ್ಕನಿಯಲ್ಲೇ, ಕುರ್ಚಿಯಲ್ಲೇ. ಅಂಟುಜ್ವರ ಅವಳನ್ನು ಮುಟ್ಟಿಯೂ ಇರಲಿಲ್ಲ.

ಸುದ್ದಿ ಹೇಳಿದಾಗ ಗೇಟಜ್ಜಿ ಅಳಲಿಲ್ಲ. ಮಣ್ಣಿಗೆ ಹೋಗಲು ವಯಸ್ಸಾದವರಿಗೆ ಅನುಮತಿ ಇಲ್ಲ ಎಂದಾಗ ತಲೆಯಾಡಿಸಿದಳು. ಒಂದೇ ಒಂದು ಕೇಳಿದಳು.

"ನನ್ನ ಕೇಳಿದ್ಲಾ?"

ಮೊಮ್ಮಗನ ಗಂಟಲಲ್ಲಿ ಎರಡು ಉತ್ತರಗಳಿದ್ದವು. ಸಣ್ಣದು ಮೊದಲು ಹೊರಬಂತು.

"ಇಲ್ಲ ಅಜ್ಜಿ. ಅವರ ಮನೆಯಿಂದ ಫೋನೇ ಬಂದಿರ್ಲಿಲ್ಲ."

ಮೂರು ದಿನದ ಮೇಲೆ ಕೆಲಸದಿಂದ ಬಂದಾಗ ಹಾಲಿನಲ್ಲಿ ಕಟ್ಟಿದ್ದ ಹಗ್ಗದ ಮೇಲೆ ಒಂದು ಬಿಳಿ ಟವೆಲ್ ಒಣಗುತ್ತಿತ್ತು. ಬೀದಿಯ ಕಡೆಯ ಕಿಟಕಿ ತೆರೆದಿತ್ತು. ಯಾರು ಬಂದಿದ್ದರು, ಕಂಬಿಯ ಸಂದಿಯಲ್ಲಿ ಟವೆಲ್ ಕೊಡುವಾಗ ಏನೇನು ಹೇಳಿದರು ಎಂದು ಅವನು ಕೇಳಲಿಲ್ಲ. ಅಜ್ಜಿಯೂ ಹೇಳಲಿಲ್ಲ. ಕೈಕಾಲು ತೊಳೆದು ಬಂದವನಿಗೆ ಚಹಾ ಕೊಟ್ಟು, ಪಟ್ಟಿಯ ಮುಂದೆ ನಿಂತು, ಹದಿನಾಲ್ಕು ನಿಯಮಗಳನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದಳು. ಪರೀಕ್ಷೆಗೆ ಓದುವವರಂತೆ, ತುಟಿ ಅಲುಗಿಸುತ್ತ.

ಆಮೇಲಿನ ಹತ್ತೊಂಬತ್ತು ದಿನ ಅವಳಷ್ಟು ವಿಧೇಯ ಹಿರಿಯಳು ಊರಲ್ಲೇ ಇರಲಿಲ್ಲ. ತಾರಸಿಯ ಹೆಸರೆತ್ತಲಿಲ್ಲ. ಮೂರು ಸಲ ಮುಕ್ಕಳಿಸಿದಳು. ಅರವತ್ತು ಕಡ್ಡಿ ಆ ಪೆಟ್ಟಿಗೆಗೆ ಹೋದವು, ಬಂದವು. ನಾಲ್ಕು ಗಂಟೆಗೆ ಗಡಿಯಾರದ ಕೆಳಗೆ ಕುರ್ಚಿ ಹಾಕಿಕೊಂಡು, ಐದು ನಿಮಿಷ ಮೊಮ್ಮಗನ ಕೋಣೆಯ ಬಾಗಿಲನ್ನು ನೋಡುತ್ತ ಕೂರುತ್ತಿದ್ದಳು. ರಜೆಯ ದಿನ ಒಳಗಿದ್ದ ಅವನಿಗೆ ಆ ನೋಟ ಬಾಗಿಲ ಹಲಗೆಯನ್ನು ದಾಟಿ ಬೆನ್ನಿಗೆ ತಾಕಿದಂತಾಗುತ್ತಿತ್ತು. ಅಜ್ಜಿ ಹೊಂದಿಕೊಂಡಳು ಎಂದು ಅಪ್ಪನಿಗೆ ಫೋನಿನಲ್ಲಿ ವರದಿ ಒಪ್ಪಿಸಿದ. ಇಪ್ಪತ್ತೊಂಬತ್ತು ವರ್ಷ ಗಾಡಿ ಬರುವುದನ್ನೇ ಕಾದವಳು ಸುಮ್ಮನೆ ಕೂತಿದ್ದಾಳೆ ಎಂದರೆ ಏನರ್ಥ ಎಂದು ಅವನಿಗೆ ಹೊಳೆಯಬೇಕಿತ್ತು.

ಇಪ್ಪತ್ತನೆಯ ದಿನ, ಊರಿಗೆಲ್ಲ ದೂರ ನಿಲ್ಲಿ ಎಂದ ಉಸ್ತುವಾರಿಗೇ ಜ್ವರ ಬಂತು.

ಮೈ ಕಾದು, ಮೂಗು ವಾಸನೆ ಮರೆತು, ಮಧ್ಯಾಹ್ನವೇ ಮನೆಗೆ ಬಂದ. ಬಿಲ್ಲೆಯನ್ನು ಕೋಣೆಯ ಮೊಳೆಗೆ ತೂಗುಹಾಕಿ ಹಾಸಿಗೆಗೆ ಬಿದ್ದ. ಹಿಂದಿನಿಂದ ಬಾಗಿಲು ಮುಚ್ಚಿತು. ಚಿಲಕ ಬಿತ್ತು, ಅವಸರವೂ ಇಲ್ಲ, ತಡವೂ ಇಲ್ಲ, ಎಣ್ಣೆ ಹಾಕಿಟ್ಟ ಚಿಲಕ.

"ಅಜ್ಜಿ? ಚಿಲಕ ಯಾಕೆ? ನಾನೇ ಹೊರಗೆ ಬರಲ್ಲ."

"ಹನ್ನೆರಡನೇ ನಿಯಮ" ಎಂದಿತು ಆಚೆಯ ದನಿ. "ಹೊರಗಿನಿಂದ ಚಿಲಕ. ಹಾಕತಕ್ಕದ್ದು."

ಆ ಕೋಣೆಗೆ ಅಂಟಿಕೊಂಡೇ ಒಂದು ಬಚ್ಚಲಿತ್ತು. ಕಿಟಕಿಯೂ ಒಂದಿತ್ತು, ಆದರೆ ಅದರಾಚೆ ಎರಡು ಅಡಿಗೆ ಪಕ್ಕದ ಮನೆಯ ಗೋಡೆ. ಮೂರು ಹೊತ್ತು ಸ್ಟೂಲಿನ ಮೇಲೆ ತಟ್ಟೆ ಇಟ್ಟು, ಚಿಲಕ ಸರಿಸಿ, ಸೌಟಿನಿಂದ ಬಾಗಿಲಿಗೆ ಎರಡೇಟು 'ಟಕ್ ಟಕ್' ಬಡಿದು, ಅಜ್ಜಿ ಅಡುಗೆಮನೆಗೆ ಸರಿಯುತ್ತಿದ್ದಳು. ಅವನು ಬಾಗಿಲು ಅರ್ಧ ತೆರೆದು ತಟ್ಟೆ ಎಳೆದುಕೊಂಡರೆ, ಮರುಗಳಿಗೆಯಲ್ಲಿ ಮತ್ತೆ ಚಿಲಕ.

ಮೊದಲ ದಿನದ ಗಂಜಿಗೆ ಉಪ್ಪಿರಲಿಲ್ಲ. ಎರಡನೆಯ ದಿನವೂ.

"ಅಜ್ಜಿ, ಉಪ್ಪು ಮರ್ತಿದ್ದೀಯ."

"ಮರೆಯೋಕೆ ನನಗೇನು ವಯಸ್ಸಾಯ್ತಾ? ಆರನೇ ನಿಯಮ."

"ಅದು ಹಿರಿಯರಿಗೆ!"

"ಎಲ್ಲರಿಗೂ ಅಂತ ಕೊನೇಲಿ ಬರೆದಿದ್ದೀಯಲ್ಲ, ವಿನಾಯಿತಿ ಇಲ್ಲ ಅಂತ. ಗೆರೆ ಬೇರೆ ಎಳೆದಿದ್ದೀಯ."

ಐದನೆಯ ದಿನ ಜ್ವರ ಇಳಿಯಿತು. ಅಂದೇ ಬಾಗಿಲ ಕೆಳಗಿನ ಸಂದಿಯಿಂದ ಒಂದು ಬೆಂಕಿಪೆಟ್ಟಿಗೆ ಒಳಗೆ ಜಾರಿತು. ಅರವತ್ತು ಕಡ್ಡಿ. ಹತ್ತಡಿಯ ಕೋಣೆಯಲ್ಲಿ ಅವನು ಸುತ್ತು ಹಾಕಿದ. ಐವತ್ತೆರಡಕ್ಕೇ ಕಳ್ಳಾಟ ಆಡಿ ಮುಗಿಯಿತು ಎಂದರೆ, "ಇನ್ನೂ ಎಂಟು ಸುತ್ತಿನ ಸಪ್ಪಳ ಬಂದಿಲ್ಲ" ಎನ್ನುತ್ತಿತ್ತು ಬಾಗಿಲು. ಮಲಗಿದರೆ ಮುಕ್ಕಳಿಸಲು ಎಬ್ಬಿಸುತ್ತಿದ್ದಳು. ಮುಕ್ಕಳಿಸಿದರೆ, ಗುಳುಗುಳು ಸದ್ದು ಸಾಲದೆಂದು ಮತ್ತೊಮ್ಮೆ ಮಾಡಿಸುತ್ತಿದ್ದಳು. ಅಪ್ಪನಿಗೆ ಫೋನ್ ಮಾಡಿ ದೂರಿದ. "ಅಮ್ಮ ಎಷ್ಟು ಶಿಸ್ತಾಗಿ ನೋಡ್ಕೊಳ್ತಿದ್ದಾಳೆ, ಪುಣ್ಯ ಮಾಡಿದ್ದೆ ನೀನು" ಎಂದ ಅಪ್ಪ.

ನಿರ್ಲಕ್ಷ್ಯ ಮಾಡಿದಳು ಎಂದು ಮಾತ್ರ ಯಾರೂ ಅನ್ನುವಂತಿರಲಿಲ್ಲ. ಹಬೆಗೆ ಬಿಸಿನೀರು, ಹೊತ್ತು ಹೊತ್ತಿಗೆ ಮಾತ್ರೆ, ದಿನಕ್ಕೆ ನಾಲ್ಕು ಸಲ ಉಸಿರಿನ ತಪಾಸಣೆ. "ಒಂದೇ ಉಸಿರಿಗೆ ಎಷ್ಟು ಎಣಿಸ್ತೀಯ, ಎಣಿಸು" ಎಂದು ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದಳು. ಹದಿನೆಂಟಕ್ಕೆ ಅವನ ದನಿ ಮುರಿದ ದಿನ ಡಾಕ್ಟರಿಗೆ ಹೇಳಿ ಕಳಿಸಿ, ಅವರು ಬರುವವರೆಗೂ ಅಲ್ಲಿಂದ ಅಲುಗಲಿಲ್ಲ. ಅವನು ಸತ್ತರೆ ಅವಳ ಕೆಲಸವೇ ಕೆಡುತ್ತಿತ್ತಲ್ಲ. ಹೆಣದ ಮೇಲೆ ಯಾರು ಸೇಡು ತೀರಿಸಿಕೊಳ್ಳುತ್ತಾರೆ?

ಹನ್ನೆರಡನೆಯ ದಿನ ಬೆಳಿಗ್ಗೆ ತೂಕದ ಮೇಡಂ ಫೋನ್ ಮಾಡಿದಳು.

"ಇಲ್ಲಿ ಕೆಲಸ ಕಡಿಮೆ ಆಯ್ತಂತೆ. ನನ್ನನ್ನ ಇನ್ನೊಂದು ಊರಿನ ಆಫೀಸಿಗೆ ಹಾಕಿದ್ದಾರೆ. ಇವತ್ತೇ ಹೊರಡ್ತೀನಿ, ಆಫೀಸಿನ ವ್ಯಾನಲ್ಲಿ."

ಅವನ ಉಸಿರು ಹದಿನೆಂಟಕ್ಕಿಂತ ಕೆಳಗಿಳಿಯಿತು. "ನಿಮಗೊಂದು ಮಾತು ಹೇಳ್ಬೇಕಿತ್ತು."

"ಆರು ತಿಂಗಳಿಂದ ಹೇಳ್ಬೇಕು ಅಂತಾನೇ ಇದ್ದೀರ. ಫೋನಲ್ಲಿ ಬೇಡ. ನಾಲ್ಕು ಗಂಟೆಗೆ ವ್ಯಾನು ನಿಮ್ಮ ಬೀದಿ ಮೇಲೇ ಬರುತ್ತೆ, ಐದು ನಿಮಿಷ ನಿಲ್ಲಿಸ್ತೀನಿ. ಕಿಟಕಿ ಹತ್ರ ಬಂದು ಮುಖ ನೋಡಿ ಹೇಳಿ. ಮುಖವೇ ತೋರಿಸದಿದ್ರೆ ಅದೇ ಉತ್ತರ ಅಂದ್ಕೋತೀನಿ."

ಜ್ವರ ಬಿಟ್ಟು ವಾರವಾಗಿತ್ತು. ಹತ್ತು ದಿನ ಸಾಕು ಎಂದು ಡಾಕ್ಟರೇ ಹೇಳಿದ್ದರು. ಬೀದಿಯ ಕಿಟಕಿ ಇರುವುದು ಹಾಲಿನಲ್ಲಿ, ಈ ಬಾಗಿಲಿನಿಂದ ಆರು ಹೆಜ್ಜೆ. ಮೂರೂಮುಕ್ಕಾಲಿಗೆ ಗಡ್ಡ ಕೆರೆದು, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು, ಮಾಸ್ಕು ಬಿಗಿದು, ಬಾಗಿಲು ತಟ್ಟಿದ.

"ಅಜ್ಜಿ, ಒಂದೈದು ನಿಮಿಷ ತೆಗಿ. ಆಫೀಸಿನವಳು ಬರ್ತಾಳೆ, ಕಿಟಕಿಯಿಂದ ಒಂದು ಮಾತು ಹೇಳಿ ವಾಪಸ್ ಬರ್ತೀನಿ. ನೀನು ಅಡುಗೆಮನೆಗೆ ಹೋಗು, ದೂರ ಇರುತ್ತೆ."

"ನಾಳೆ ನೋಡೋಣ."

ಆ ಎರಡು ಪದ ಈ ಮನೆಯಲ್ಲಿ ಯಾರಿಗೂ ಕೇಳಿಸಿರಲಿಲ್ಲವೆಂದು ಅವನು ನಂಬಿದ್ದ.

"ನಾಳೆ ಅವಳು ಇರಲ್ಲ ಅಜ್ಜಿ!"

"ಹೌದಾ? ಪಾಪ. ಕೆಲವರು ನಾಳೆ ಇರಲ್ಲ."

ಬೀದಿಯ ತುದಿಯಲ್ಲಿ ವ್ಯಾನಿನ ಸದ್ದು. ಅದು ಹತ್ತಿರ ಬಂದು ನಿಂತಿತು. ಒಂದು ಹಾರನ್.

"ಅಜ್ಜಿ, ನಿನ್ನ ಕಾಲಿಗೆ ಬೀಳ್ತೀನಿ."

ಕುರ್ಚಿ ಎಳೆದ ಸದ್ದಾಯಿತು. ಅಜ್ಜಿ ಬಾಗಿಲಿಗೆ ಹತ್ತಿರ ಬಂದು ಕೂತಳು. ಬಂದ ದನಿ ಅಜ್ಜಿಯದಾಗಿರಲಿಲ್ಲ. ಗೂಡಿನೊಳಗಿಂದ, ಫೋನು ಹಿಡಿದು ಮಾತಾಡುವ ಗೇಟಿನವಳದು.

"ನಂಬರ್ ಹೇಳು. ಗೇಟು ತೆಗೀತೀನಿ."

"ಯಾವ ನಂಬರ್?"

"ನಿನಗೆ ಗೊತ್ತಿರೋ ನಂಬರ್."

"ಹನ್ನೆರಡು! ಇವತ್ತಿಗೆ ಹನ್ನೆರಡು ದಿನ."

"ತಪ್ಪು."

"ಹದಿನಾಲ್ಕು? ಅರವತ್ತು? ತೊಂಬತ್ತೆಂಟು, ಇವತ್ತಿನ ಜ್ವರ... ಅಜ್ಜಿ, ಇದೇನು ಆಟಾನಾ?"

"ಆಟ ಅಲ್ಲ. ಹಾಳೆ ನಿನ್ನ ಹತ್ರಾನೇ ಇದೆ. ಜೇಬಲ್ಲಿ. ನೋಡಿ ಹೇಳು."

ಜೇಬಿನಲ್ಲಿದ್ದದ್ದು ಫೋನು. ಕೈಗೆ ತೆಗೆದುಕೊಂಡವನಿಗೆ ಒಮ್ಮೆಲೇ ಎಲ್ಲವೂ ಕಂಡಿತು: ತೆರೆದ ಕಿಟಕಿ, ಕಂಬಿಯ ಸಂದಿಯಲ್ಲಿ ದೊಡ್ಡಮ್ಮನ ಕೈ, ಟವೆಲ್. ಬಂದ ಕರೆಗಳ ಪಟ್ಟಿಯನ್ನು ಹಿಂದಕ್ಕೆ ತಳ್ಳಿದ, ಒಂದು ತಿಂಗಳ ಹಿಂದಕ್ಕೆ. ದೊಡ್ಡಮ್ಮನ ಹೆಸರು ಕೆಂಪಾಗಿ ಸಾಲುಗಟ್ಟಿ ನಿಂತಿತ್ತು. ಎಣಿಸಿದ.

ಹೊರಗೆ ಎರಡನೆಯ ಹಾರನ್.

"ಏಳು."

"ನೋಡಿ ಹೇಳಿದ್ದಾ?"

"ನೋಡಿ ಹೇಳಿದ್ದು. ಏಳು ಸಲ ಫೋನ್ ಬಂದಿತ್ತು ಅಜ್ಜಿ. ನಾನು ಎತ್ತಲಿಲ್ಲ."

"ತಪ್ಪು."

ಆ ಒಂದು ಮಾತಿಗೆ ಅವನು ಬಾಗಿಲಿಗೆ ಹಣೆ ಹಚ್ಚಿ ನಿಂತ. ಕೆಂಪು ಸಾಲಿನ ಕೆಳಗೆ ಇನ್ನೂ ಎರಡಿದ್ದವು, ಅವು ಕೆಂಪಾಗಿರಲಿಲ್ಲ. ಅವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಕಣ್ಣಲ್ಲ, ಬಾಯಿ.

"ಒಂಬತ್ತು" ಎಂದ. "ಏಳು ಎತ್ತಲಿಲ್ಲ. ಎರಡು ಎತ್ತಿದ್ದೆ. ಎರಡು ಸಲಾನೂ ನಾಳೆ ನೋಡೋಣ ಅಂದೆ. ಅವಳು ನಿನ್ನನ್ನ ಕೇಳಿದ್ಲು ಅಜ್ಜಿ. ದಿನಾ ಕೇಳ್ತಿದ್ಲು. ನೀನು ಸತ್ತುಹೋದೆ ಅಂದ್ಕೊಂಡು ಊಟ ಬಿಟ್ಟಿದ್ಲು. ನಾನು ನಿನಗೆ ಸುಳ್ಳು ಹೇಳ್ದೆ."

ಆಚೆ ಕಾಗದದ ಮೇಲೆ ಪೆನ್ಸಿಲ್ ಗೀಚಿದ ಸದ್ದು.

"ಒಂಬತ್ತು" ಎಂದಳು ಗೇಟಜ್ಜಿ. "ಬರ್ಕೊಂಡೆ. ನಂಬರ್ ಸರಿ ಇದೆ."

ಚಿಲಕ ಸರಿಯಲಿಲ್ಲ. ಅವನು ಕಾದ. ಹೊರಗೆ ವ್ಯಾನಿನ ಬಾಗಿಲು ಧಡ್ ಎಂದು ಹಾಕಿಕೊಂಡಿತು. ಇಂಜಿನ್ ಏರಿತು, ಬೀದಿಯುದ್ದ ಉರುಳಿತು, ತಿರುವಿನಲ್ಲಿ ಗೇರು ಬದಲಿಸಿತು. ಸದ್ದು ಪೂರ್ತಿ ಅಡಗುವವರೆಗೆ ಗೇಟಜ್ಜಿ ಕೂತೇ ಇದ್ದಳು. ಆಮೇಲೆ ಎದ್ದು ಚಿಲಕ ತೆಗೆದಳು.

ಬಾಗಿಲು ತೆರೆದಾಗ ಅವಳು ಆರು ಹೆಜ್ಜೆ ಆಚೆ, ಮಾಸ್ಕು ಹಾಕಿಕೊಂಡು, ನೆಟ್ಟಗೆ ನಿಂತಿದ್ದಳು. ಹೆಗಲ ಮೇಲೆ ಬಿಳಿ ಟವೆಲ್ ಇತ್ತು.

"ನಂಬರ್ ಹೇಳಿದ್ನಲ್ಲ ಅಜ್ಜಿ" ಎಂದ.

"ಹೇಳ್ದೆ. ತೆಗೆದೆ. ಗಾಡಿ ಹೋದ ಮೇಲೆ ತಾನೆ ಗೇಟು ತೆಗೆಯೋದು?"

"ಬೇಕಂತಲೇ ಮಾಡ್ದೆ."

"ಹೂಂ. ಬೇಕಂತಲೇ. ನಿನ್ನ ಹಾಗೆ ಫೋನೇ ಬರ್ಲಿಲ್ಲ ಅನ್ನಲ್ಲ ನಾನು." ಅವಳ ಕಣ್ಣು ಒದ್ದೆಯಾಗಿರಲಿಲ್ಲ. "ನಿನ್ನವಳು ಯಾವ ಊರಿಗೆ ಹೋಗಿದ್ರೂ ಈಗ ಬಸ್ಸು ಬಿಟ್ಟಿದ್ದಾರೆ. ನಾಳೆ ಹೋಗಿ ಅವಳ ಕೈಲಿ ಬೈಸ್ಕೊಂಡು ಬಾ. ನಿನಗೆ ನಾಳೆ ಇದೆ."

ಅವನು ಒಳಗೆ ಹೋಗಿ ಮೊಳೆಯಿಂದ ಹಳದಿ ಬಿಲ್ಲೆ ತೆಗೆದು, ದಾರದಿಂದ ತಾರಸಿಯ ಬೀಗದ ಕೈ ಬಿಡಿಸಿ, ಸ್ಟೂಲಿನ ಮೇಲೆ ಇಟ್ಟು ಹಿಂದೆ ಸರಿದ.

"ಈಗಲಾದ್ರೂ ತೀರ್ತಾ ಅಜ್ಜಿ?"

"ಇಲ್ಲ" ಎಂದಳು.

ಅಡುಗೆಮನೆಯಿಂದ ಇಕ್ಕಳ ತಂದು, ಬೀಗದ ಕೈಯನ್ನು ಬೆರಳು ಸೋಕದಂತೆ ಎತ್ತಿ, ಸೋಪಿನ ನೀರಿನ ಬಟ್ಟಲಿಗೆ ಬಿಟ್ಟಳು. ಅದು ತಳಕ್ಕೆ ತಾಗಿ ಸಣ್ಣಗೆ ಟಿಣ್ ಎಂದಿತು.

"ಎಷ್ಟು ಹೊತ್ತು ಅಂತ ಬರೆದಿದ್ದೀಯ?"

"ಇಪ್ಪತ್ತು ನಿಮಿಷ."

"ಇರಲಿ" ಎಂದು ಗಡಿಯಾರ ನೋಡಿದಳು. ನಾಲ್ಕು ಗಂಟೆ ಎಂಟು ನಿಮಿಷ. ಕುರ್ಚಿಯನ್ನು ಬಟ್ಟಲಿನ ಪಕ್ಕಕ್ಕೆ ಎಳೆದುಕೊಂಡು ಕೂತಳು. ಅವನನ್ನು ಕೂರು ಎನ್ನಲಿಲ್ಲ.